‘ಗಾಡಿ ಹಳೇದಾಯ್ತು ಮೇಡಂ’ ಅನ್ನುವ ಸುಳ್ಳು

ನನ್ನ ಆಫೀಸಿನ ಮೇಜಿನ ಮೇಲೆ, ಕಾಫಿ ಮಗ್ ಪಕ್ಕ, ಒಂದು ಕಪ್ಪು ಪ್ಲಾಸ್ಟಿಕ್ ತುಂಡು ಇದೆ. ಹೆಬ್ಬೆರಳಿನಷ್ಟು ಉದ್ದ. ಒಂದು ತುದಿಯಲ್ಲಿ ಮ್ಯಾಗ್ನೆಟ್, ಇನ್ನೊಂದು ತುದಿಯಲ್ಲಿ ಎರಡು ಪಿನ್. ನೋಡಿದವರೆಲ್ಲ ‘ಏನೇ ಇದು?’ ಅಂತ ಕೇಳ್ತಾರೆ. ‘ನಮ್ಮ ಕಾರು ಗುಜರಿ ಸೇರಬೇಕಾಗಿದ್ದಕ್ಕೆ ಕಾರಣ’ ಅಂತೀನಿ. ನಗ್ತಾರೆ. ನಾನೇನೂ ತಮಾಷೆ ಮಾಡ್ತಾ ಇಲ್ಲ.

ಇದರ ಪೂರ್ತಿ ಹೆಸರು ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಅಂಗಡಿಯಲ್ಲಿ ಬರೀ ಕ್ರ್ಯಾಂಕ್ ಸೆನ್ಸರ್ ಅಂದರೆ ಸಾಕು, ಕೊಡ್ತಾರೆ. ನಾನು ಕೊಟ್ಟ ಬೆಲೆ 1,150 ರೂಪಾಯಿ. ಎಂಜಿನ್‌ಗೆ ಇದನ್ನು ಹಿಡಿದಿಡೋದು ಒಂದೇ ಒಂದು 10 ಎಂಎಂ ಬೋಲ್ಟು. ಇಷ್ಟು ಪುಟ್ಟ ವಸ್ತು ಕೆಟ್ಟಿದ್ದಕ್ಕೆ ನನ್ನ ಕೈಗೆ ಬಂದ ಎಸ್ಟಿಮೇಟು 62,000 ರೂಪಾಯಿ. ಅದರ ಜೊತೆ ಒಂದು ಪುಕ್ಕಟೆ ಸಲಹೆ: ‘ಗಾಡಿ ಹಳೇದಾಯ್ತು ಮೇಡಂ. ಇನ್ನು ಇದಕ್ಕೆ ದುಡ್ಡು ಸುರೀಬೇಡಿ.’

ಈ ಮಾತನ್ನು ನೀವೂ ಕೇಳಿರ್ತೀರಿ. ಕಾರಲ್ಲದಿದ್ದರೆ ಫೋನಿಗೆ, ಫೋನಲ್ಲದಿದ್ದರೆ ವಾಷಿಂಗ್ ಮೆಷೀನಿಗೆ. ಹೇಳುವವರು ಎಷ್ಟು ಕಾಳಜಿಯಿಂದ ಹೇಳ್ತಾರೆ ಅಂದರೆ, ನಮ್ಮ ಒಳ್ಳೇದಕ್ಕೇ ಹೇಳ್ತಿದ್ದಾರೆ ಅನ್ನಿಸಿಬಿಡುತ್ತೆ. ಈ ಮಾತು ಸುಳ್ಳು ಅಂತ ಹೇಳೋಕೆ ನಾನಿದನ್ನು ಬರೀತಾ ಇದ್ದೀನಿ. ಯಾವಾಗಲೂ ಸುಳ್ಳು ಅಂತಲ್ಲ. ಆದರೆ ‘ಹಳೇದಾಯ್ತು’ ಅನ್ನೋದರ ನಿಜವಾದ ಅರ್ಥ ಬಹಳ ಸಲ ‘ಅಲ್ಲಿಗೆ ಕೈ ಹಾಕೋದು ನಮಗೆ ಲಾಭವಲ್ಲ’ ಅಂತಿರುತ್ತೆ. ಎರಡಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸದ ಬಿಲ್ ಕಟ್ಟೋರು ನಾವು.

ಕಾರು ಅಪ್ಪನದು. ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ರಿಟೈರ್ ಆದ ವರ್ಷ, 2008ರಲ್ಲಿ, ಗ್ರಾಚ್ಯುಟಿ ದುಡ್ಡಲ್ಲಿ ತಗೊಂಡ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇವತ್ತಿಗೂ ಒಂದು ಲಕ್ಷ ಕಿಲೋಮೀಟರ್ ಆಗಿಲ್ಲ. ಪ್ರತಿ ಸಲ ಪೆಟ್ರೋಲ್ ಹಾಕಿಸಿದ ದಿನ, ಕಿಲೋಮೀಟರ್, ಲೀಟರ್ ಎಲ್ಲ ಒಂದು ಹಳೇ ಡೈರಿಯಲ್ಲಿ ಅಪ್ಪನ ದುಂಡು ಅಕ್ಷರದಲ್ಲಿದೆ. 2023ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಟಿಒಗೆ ತಗೊಂಡು ಹೋಗಿ ಆರ್‌ಸಿ ರಿನ್ಯೂ ಮಾಡಿಸಿದ್ವಿ. ಈ ರಿನ್ಯೂವಲ್ ಫೀ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಗಿದೆ. ಇರಲಿ, ಕಟ್ಟಿದ್ವಿ. ಇನ್‌ಸ್ಪೆಕ್ಟರ್ ಗಾಡಿ ನೋಡಿದರು, ಇನ್ನು ಐದು ವರ್ಷ ಓಡಿಸಬಹುದು ಅಂತ ಬರೆದುಕೊಟ್ಟರು. ಅಂದರೆ ಸರ್ಕಾರದ ಲೆಕ್ಕದಲ್ಲಿ ಈ ಕಾರು ಫಿಟ್. ಇದನ್ನು ನೆನಪಿಟ್ಟುಕೊಳ್ಳಿ.

ಹೋದ ವರ್ಷ ಒಂದು ಭಾನುವಾರ ಸಂಜೆ ಅಮ್ಮನನ್ನು ತಿಪಟೂರಿನಿಂದ ಬೆಂಗಳೂರಿಗೆ ಕರ್ಕೊಂಡು ಬರ್ತಾ ಇದ್ದೆ. ಮಾರನೇ ದಿನ ಕಣ್ಣಿನ ಆಪರೇಷನ್ ಇತ್ತು. ತುಮಕೂರು ದಾಟಿ, ದಾಬಸ್‌ಪೇಟೆ ಹತ್ತಿರ, ಹೈವೇ ಮಧ್ಯದ ಲೇನಲ್ಲಿ ಎಂಬತ್ತರ ಸ್ಪೀಡಲ್ಲಿದ್ದಾಗ ಎಂಜಿನ್ ಆಫ್ ಆಯ್ತು. ಸದ್ದಿಲ್ಲ, ಹೊಗೆಯಿಲ್ಲ, ಯಾರೋ ಕೀ ತಿರುಗಿಸಿದ ಹಾಗೆ ಆಫ್. ಎಂಜಿನ್ ನಿಂತರೆ ಪವರ್ ಸ್ಟೀರಿಂಗೂ ಹೋಗುತ್ತೆ, ಕೈಗೆ ಕಲ್ಲು ಕಟ್ಟಿದ ಹಾಗಾಗುತ್ತೆ. ಬ್ರೇಕ್ ಎರಡು ಮೂರು ಸಲ ಮೆತ್ತಗೆ ಹಿಡಿಯುತ್ತೆ, ಆಮೇಲೆ ಪೆಡಲ್ ಗಟ್ಟಿ. ಹಿಂದೆ ಲಾರಿ. ಹಾರನ್ ಹೊಡೆದು ಎಡಕ್ಕೆ ತಿರುಗಿಸಿಕೊಂಡು ಹೋದ. ಅಮ್ಮ ಸೀಟಿನ ಅಂಚನ್ನು ಹಿಡ್ಕೊಂಡು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಇಪ್ಪತ್ತೈದು ನಿಮಿಷ ಆದಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯ್ತು. ನೆಲಮಂಗಲದಲ್ಲಿ ಮತ್ತೆ ನಿಂತಿತು.

ಆಮೇಲೆ ಶುರುವಾಯ್ತು ಸರ್ವಿಸ್ ಸೆಂಟರ್ ಯಾತ್ರೆ. ಕಂಪನಿಯದೇ ಅಧಿಕೃತ ಸರ್ವಿಸ್ ಸೆಂಟರ್. ಎಸಿ ಲಾಂಜ್, ಮೆಷೀನ್ ಕಾಫಿ, ಟೈ ಕಟ್ಟಿದ ಅಡ್ವೈಸರ್. ಮೊದಲ ಸಲ ಸ್ಕ್ಯಾನರ್ ಹಾಕಿದರು, ಎರರ್ ಕೋಡ್ ಬರಲಿಲ್ಲ. ಗಾಡಿ ತಣ್ಣಗಿತ್ತು, ಯಾಕೆ ಬರುತ್ತೆ? ‘ಫ್ಯುಯೆಲ್ ಪಂಪ್ ವೀಕ್ ಇರಬಹುದು’ ಅಂತ ಪಂಪ್ ಬದಲಾಯಿಸಿದರು. 8,400 ರೂಪಾಯಿ. ವಾರದಲ್ಲಿ ಯಶವಂತಪುರದ ಫ್ಲೈಓವರ್ ಮೇಲೆ ನಿಂತಿತು. ಎರಡನೇ ಸಲ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಥ್ರಾಟಲ್ ಬಾಡಿ ಕ್ಲೀನಿಂಗ್. 6,900. ಹತ್ತು ದಿನಕ್ಕೆ ಮತ್ತೆ ನಿಂತಿತು. ಮೂರನೇ ಸಲ ಅಡ್ವೈಸರ್ ಗಂಭೀರ ಮುಖ ಮಾಡಿಕೊಂಡು ಬಂದರು. ‘ಎಂಜಿನ್ ವೈರಿಂಗ್ ಪೂರ್ತಿ ಹಾಕಬೇಕು, ಇಸಿಯು ಹಾಕಬೇಕು. 62,000 ಆಗುತ್ತೆ. ಆಮೇಲೂ ಗ್ಯಾರಂಟಿ ಕೊಡೋಕಾಗಲ್ಲ. ನಿಮ್ಮ ಗಾಡಿಯ ಈಗಿನ ಬೆಲೆಯೇ ಅಷ್ಟು. ನಿಮ್ಮ ಮನೆಯವರ ಹತ್ರ ಒಂದ್ಸಲ ಮಾತಾಡಿ. ಪಕ್ಕದಲ್ಲೇ ಶೋರೂಮ್ ಇದೆ, ಎಕ್ಸ್‌ಚೇಂಜ್ ಬೋನಸ್ ನಾನೇ ಮಾಡಿಸಿಕೊಡ್ತೀನಿ.’

ನೋಡಿ, ಪಂಪ್ ಇರೋದು ಹಿಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಸಿಕ್ಕಿತು. ಪ್ಲಗ್, ಕಾಯಿಲ್ ಎಂಜಿನ್ ಮೇಲೇ ಇವೆ. ಬಾನೆಟ್ ತೆಗೆದರೆ ಕಾಣುತ್ತವೆ. ಕೈಗೆ ಸಿಗುವ ಜಾಗದಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ಬದಲಿಸಿದರು. ಕೈಗೆ ಸಿಗದ ಜಾಗ ಬಂದ ತಕ್ಷಣ ಕಾರನ್ನೇ ಬದಲಿಸಿ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋದು ಗಾದೆ. ಇಲ್ಲಿ ಎಮ್ಮೆಗೆ ಎರಡು ಸಲ ಬರೆ ಹಾಕಿ, ಮೂರನೇ ಸಲ ಕೊಟ್ಟಿಗೆಯನ್ನೇ ಮಾರಿ ಅಂದರು.

ನಿಜ ಹೇಳ್ತೀನಿ, ನಾನು ಮಾರೋಕೆ ಸಿದ್ಧಳಾಗಿದ್ದೆ. ಇಎಂಐ ಕ್ಯಾಲ್ಕುಲೇಟರ್ ತೆಗೆದು ನೋಡಿಯೂ ಆಗಿತ್ತು. ತಡೆದಿದ್ದು ಅಪ್ಪ. ‘ಏನು ಕೆಟ್ಟಿದೆ ಅಂತ ಹೇಳಿದ್ರಾ?’ ಅಂದರು ಫೋನಲ್ಲಿ. ‘ವೈರಿಂಗ್ ಇರಬಹುದು ಅಂದ್ರು.’ ‘ಇರಬಹುದು ಅಂದ್ರೆ? ಏನು ಕೆಟ್ಟಿದೆ ಅಂತ ಗೊತ್ತಿಲ್ಲದೆ ಮಾರೋದು ಹೇಗಮ್ಮಾ? ಕೊಂಡುಕೊಂಡೋನು ಹೈವೇಲಿ ನಿಂತುಹೋಗಲ್ವಾ?’ ಈ ಕೊನೆಯ ಪ್ರಶ್ನೆ ನನ್ನ ತಲೆಗೇ ಹೊಳೆದಿರಲಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟ ಕಾರು ಮಾಯವಾಗಲ್ಲ. ಪಾಲಿಷ್ ಹಾಕಿಸಿಕೊಂಡು ಇನ್ಯಾರದೋ ಮನೆಗೆ ಹೋಗುತ್ತೆ. ಅವರ ಅಮ್ಮನೂ ಸೀಟಿನ ಅಂಚು ಹಿಡ್ಕೊಂಡು ಕೂರ್ತಾರೆ.

ಸಹೋದ್ಯೋಗಿಯೊಬ್ಬರು ವಿಲ್ಸನ್ ಗಾರ್ಡನ್ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಕಳಿಸಿದರು. ಎರಡು ಕಾರು ನಿಲ್ಲುವಷ್ಟು ಜಾಗ, ಮೇಲೆ ಶೀಟು. ಅಲ್ಲಿನ ಮೇಸ್ತ್ರಿ ಬಾನೆಟ್ ತೆಗೆಯೋಕೆ ಮುಂಚೆ ಎರಡೇ ಪ್ರಶ್ನೆ ಕೇಳಿದರು. ‘ಬಿಸಿ ಆದಾಗ ಮಾತ್ರ ನಿಲ್ಲುತ್ತಾ ಮೇಡಂ?’ ಹೌದು. ‘ನಿಂತ ಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡುತ್ತಾ, ಸುಮ್ನೆ ಇರುತ್ತಾ?’ ನೆನಪು ಮಾಡ್ಕೊಂಡೆ. ಸುಮ್ಮನೆ ಸೊನ್ನೆಯಲ್ಲೇ ಇರುತ್ತಿತ್ತು. ‘ಹಂಗಾದ್ರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಡೌಟು. ಚೆಕ್ ಮಾಡ್ದೆ ಹೇಳಲ್ಲ.’

ಅವರು ಅವತ್ತು ವಿವರಿಸಿದ್ದನ್ನು ನಿಮಗೂ ಹೇಳ್ತೀನಿ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಜೊತೆ ಒಂದು ಹಲ್ಲಿನ ಚಕ್ರವೂ ತಿರುಗುತ್ತೆ. ತುಂಬಾ ಕಾರುಗಳಲ್ಲಿ ಅದರ ಸುತ್ತ 60 ಹಲ್ಲಿಗೆ ಜಾಗ, ಅದರಲ್ಲಿ 2 ಬೇಕಂತಲೇ ಬಿಟ್ಟಿರ್ತಾರೆ. ಉಳಿದಿದ್ದು 58. ಪ್ರತಿ ಹಲ್ಲು ಈ ಸೆನ್ಸರಿನ ಮೂತಿಯ ಮುಂದೆ, ಕೂದಲೆಳೆಯಷ್ಟು ಅಂತರದಲ್ಲಿ ಹಾದು ಹೋದಾಗಲೂ ಒಂದು ಸಣ್ಣ ವಿದ್ಯುತ್ ತುಡಿತ ಹುಟ್ಟುತ್ತೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 2,900 ತುಡಿತ. ಬಿಟ್ಟ ಎರಡು ಹಲ್ಲಿನ ಜಾಗ ಬಂದಾಗ ಒಂದು ಸುತ್ತು ಎಲ್ಲಿ ಶುರುವಾಯಿತು ಅಂತ ಇಸಿಯುಗೆ ಗೊತ್ತಾಗುತ್ತೆ. ಯಾವ ಕ್ಷಣಕ್ಕೆ ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣಕ್ಕೆ ಕಿಡಿ ಹಾರಿಸಬೇಕು ಅನ್ನೋದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ತುಡಿತ ನಿಂತರೆ ಇಸಿಯು ಪಾಲಿಗೆ ಎಂಜಿನ್ ತಿರುಗುತ್ತಲೇ ಇಲ್ಲ. ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ.

ಸೆನ್ಸರಿನ ಒಳಗಿರೋದು ಸಣ್ಣ ತಂತಿಯ ಸುರುಳಿ. ವರ್ಷಗಟ್ಟಲೆ ಎಂಜಿನ್ನಿನ ಕಾವು ತಿಂದು ತಂತಿಯಲ್ಲಿ ಎಲ್ಲೋ ಕೂದಲಿನಂಥ ಬಿರುಕು ಬಿಡುತ್ತೆ. ತಣ್ಣಗಿದ್ದಾಗ ಎರಡೂ ತುದಿ ಕೂಡಿಕೊಂಡಿರುತ್ತವೆ. ಬಿಸಿಗೆ ಹಿಗ್ಗಿದಾಗ ಬೇರೆಯಾಗುತ್ತವೆ. ಗಾಡಿ ನಿಲ್ಲುತ್ತೆ. ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಇಪ್ಪತ್ತೈದು ನಿಮಿಷದ ರಹಸ್ಯ ಇಷ್ಟೇ. ಸರ್ವಿಸ್ ಸೆಂಟರಿನವರು ಗಾಡಿಯನ್ನು ಅರ್ಧ ಗಂಟೆ ಓಡಿಸಿ, ನಿಂತ ಜಾಗದಲ್ಲೇ ಸ್ಕ್ಯಾನರ್ ಹಾಕಿದ್ದರೆ ಪಿ0335 ಅನ್ನುವ ಕೋಡ್ ಕಾಣಿಸುತ್ತಿತ್ತೇನೋ. ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷ ಅಂತ ಅದರ ಅರ್ಥ. ಆದರೆ ಅರ್ಧ ಗಂಟೆ ಓಡಿಸಿ ನೋಡೋದು ಯಾವ ಜಾಬ್ ಕಾರ್ಡಿನಲ್ಲೂ ಬಿಲ್ ಆಗಲ್ಲ.

ಮೇಸ್ತ್ರಿ ಗಾಡಿಯನ್ನು ಓಡಿಸಿ ಬಿಸಿ ಮಾಡಿ, ನಿಂತ ತಕ್ಷಣ ಸೆನ್ಸರಿನ ವೈರಿಗೆ ಮೇಲಿಂದಲೇ ಮಲ್ಟಿಮೀಟರ್ ಹಿಡಿದರು. ಬೆಳಗ್ಗೆ ತಣ್ಣಗಿದ್ದಾಗ ತೋರಿಸುತ್ತಿದ್ದ ಓಮ್ ಲೆಕ್ಕ ಈಗ ಇಲ್ಲ. ಓಪನ್. ಒದ್ದೆ ಬಟ್ಟೆಯನ್ನು ಕೋಲಿಗೆ ಸುತ್ತಿ ಸೆನ್ಸರಿಗೆ ತಾಗಿಸಿದರು. ಸ್ವಲ್ಪ ಹೊತ್ತಿಗೆ ಮೀಟರ್ ಮತ್ತೆ ಲೆಕ್ಕ ತೋರಿಸಿತು. ರೋಗ ಗೊತ್ತಾಯ್ತು. ಹದಿನೈದು ಸಾವಿರ ಕಳೆದ ಮೇಲೆ, ಒಂದು ಮೀಟರು ಒಂದು ಒದ್ದೆ ಬಟ್ಟೆಯಿಂದ.

ಈಗ ಬರುತ್ತೆ ಅಸಲಿ ವಿಷಯ. ಸೆನ್ಸರ್ ಇದ್ದದ್ದೆಲ್ಲಿ? ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ, ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಕ್ಯಾಬಿನ್ನಿನ ಗೋಡೆಗೆ ಮುಖ ಮಾಡಿಕೊಂಡು. ಮೇಲಿಂದ ನೋಡಿದರೆ ಕಾಣಲ್ಲ. ಕೆಳಗಿಂದ ನೋಡಿದರೆ ಅರ್ಧ ಕಾಣುತ್ತೆ, ಕೈ ಹೋಗಲ್ಲ. ಮಾರನೇ ದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೆಲಸ ಶುರು. ಬ್ಯಾಟರಿ ಬಿಚ್ಚಿದರು, ಅದರ ಟ್ರೇ ಬಿಚ್ಚಿದರು, ಏರ್ ಫಿಲ್ಟರ್ ಡಬ್ಬಿ, ಅದರ ಪೈಪು ತೆಗೆದರು. ಆಗ ಸಿಕ್ಕಿದ್ದು ಒಂದು ಅಂಗೈ ತೂರುವಷ್ಟು ಸಂದು. ಮೇಸ್ತ್ರಿಯ ಕೈ ಹೋಗಲಿಲ್ಲ. ಐಟಿಐ ಮುಗಿಸಿ ಬಂದಿದ್ದ ತೆಳ್ಳಗಿನ ಹುಡುಗನೊಬ್ಬ ಮೊಣಕೈತನಕ ತೂರಿಸಿದ. ಕಣ್ಣಿಗೆ ಏನೂ ಕಾಣಲ್ಲ, ಬೆರಳ ತುದಿಯೇ ಕಣ್ಣು. ಇನ್ನೊಂದು ಕಡೆಯಿಂದ ಮೇಸ್ತ್ರಿ ಫೋನಿನ ಕ್ಯಾಮೆರಾ ತೂರಿಸಿ, ‘ಎಡಕ್ಕೆ, ಇನ್ನೂ ಎಡಕ್ಕೆ, ಆಂ ಅದೇ’ ಅಂತ ಹೇಳ್ತಾ ಇದ್ದರು.

ಕನೆಕ್ಟರಿನ ಲಾಕ್ ಇಷ್ಟು ವರ್ಷದ ಶಾಖಕ್ಕೆ ಬಿಸ್ಕತ್ತಿನ ಹಾಗಾಗಿತ್ತು. ಜೋರಾಗಿ ಒತ್ತಿದರೆ ಮುರಿಯುತ್ತೆ, ಒತ್ತದಿದ್ದರೆ ಬಿಡಲ್ಲ. ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದರು. ಉದ್ದನೆಯ ಎಕ್ಸ್‌ಟೆನ್ಷನ್ ರಾಡಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿ, ಸಾಕೆಟ್ಟಿನೊಳಗೆ ಚೂರು ಗ್ರೀಸ್ ಬಳಿದು ತೂರಿಸಿದರು. ಗ್ರೀಸ್ ಯಾಕೆ ಅಂದೆ. ‘ಬೋಲ್ಟು ಸಾಕೆಟ್ಟಿಗೆ ಅಂಟ್ಕೊಂಡು ಬರ್ಬೇಕು ಮೇಡಂ. ಒಳಗೆಲ್ಲಾದ್ರೂ ಬಿತ್ತು ಅಂದ್ರೆ ಆಮೇಲೆ ಗೇರ್‌ಬಾಕ್ಸೇ ಇಳಿಸ್ಬೇಕಾಗುತ್ತೆ.’ ಬೋಲ್ಟು ಬಂತು. ಸೆನ್ಸರ್ ಬರಲಿಲ್ಲ. ಅದರ ರಬ್ಬರ್ ರಿಂಗು ಕಬ್ಬಿಣಕ್ಕೆ ಹಿಡಿದುಕೊಂಡಿತ್ತು. ಎಳೆದರೆ ಪ್ಲಾಸ್ಟಿಕ್ ಮುರಿದು ಅರ್ಧ ಒಳಗೇ ಉಳಿಯುತ್ತೆ. ಹುಡುಗ ಅದನ್ನು ಎಡಕ್ಕಿಷ್ಟು ಬಲಕ್ಕಿಷ್ಟು ತಿರುಗಿಸುತ್ತಾ, ಮಗುವಿನ ಅಲ್ಲಾಡುವ ಹಲ್ಲು ಕೀಳುವ ಹಾಗೆ, ಮುಕ್ಕಾಲು ಗಂಟೆ ತಗೊಂಡು ಹೊರಗೆ ತಂದ. ಮುಂಗೈ ಎರಡು ಕಡೆ ತರಚಿ ರಕ್ತ ಬರ್ತಿತ್ತು. ಸೆನ್ಸರಿನ ಮೂತಿಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಹಿಡಿದುಕೊಂಡಿತ್ತು. ಗೂಡು ಒರೆಸಿ, ಹೊಸ ಸೆನ್ಸರಿನ ರಿಂಗಿಗೆ ಎಣ್ಣೆ ಸವರಿ ಕೂರಿಸಿ, ಬೋಲ್ಟನ್ನು ಹದವಾಗಿ ಬಿಗಿ ಮಾಡಿದರು. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಕಿವಿ ಸೀಳುತ್ತೆ. ಒಟ್ಟು ನಾಲ್ಕು ಗಂಟೆ.

ಬಿಲ್: ಸೆನ್ಸರಿಗೆ 1,150, ಕೂಲಿ 2,200. ಆಗ ನಾನೇನು ಮಾಡಿದೆ ಗೊತ್ತಾ? ಚೌಕಾಸಿ ಮಾಡಿದೆ. ‘ಒಂದು ಬೋಲ್ಟಿಗೆ 2,200ಆ ಮೇಸ್ತ್ರಿ?’ ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ‘ಬೋಲ್ಟಿಗೆ ಐವತ್ತು ರೂಪಾಯಿ ಮೇಡಂ. ಉಳಿದಿದ್ದು ಅಲ್ಲಿಗೆ ಹೋಗಿಬರೋ ಬಸ್ ಚಾರ್ಜು’ ಅಂದರು.

ಮನೆಗೆ ಬರುವಷ್ಟರಲ್ಲಿ ನಾಚಿಕೆಯಾಯ್ತು. ಎಸಿ ಲಾಂಜಿನಲ್ಲಿ, ಕೆಟ್ಟೇ ಇರದ ಪಂಪಿಗೆ 8,400 ರೂಪಾಯಿಯನ್ನು ಫೋನ್ ತೋರಿಸಿ ಟಣ್ ಅಂತ ಕಟ್ಟಿದವಳು ನಾನು. ಒಂದು ಪ್ರಶ್ನೆ ಕೇಳಿರಲಿಲ್ಲ. ಪಾರ್ಟು ಬಾಕ್ಸಲ್ಲಿ ಬರುತ್ತೆ, ಕಣ್ಣಿಗೆ ಕಾಣುತ್ತೆ, ಬೆಲೆ ಪ್ರಿಂಟ್ ಆಗಿರುತ್ತೆ, ಅದಕ್ಕೆ ಕೊಡ್ತೀವಿ. ಶ್ರಮ ಕಾಣಲ್ಲ, ಅದಕ್ಕೆ ಚೌಕಾಸಿ. ಒಂದು ಸಾಲು ಕೋಡ್ ಬದಲಿಸೋಕೆ ಮೂರು ದಿನದ ಎಫರ್ಟ್ ಅಂತ ಎಸ್ಟಿಮೇಟ್ ಕೊಡೋರು ಯಾರ್ರೀ? ನಾವೇ ತಾನೇ? ‘ಬದಲಿಸೋದು ಒಂದೇ ಸಾಲು, ಆದರೆ ಯಾವ ಸಾಲು ಅಂತ ಹುಡುಕಬೇಕು, ಅಲ್ಲಿಗೆ ತಲುಪಬೇಕು, ಬೇರೇನೂ ಮುರಿಯದ ಹಾಗೆ ನೋಡ್ಕೋಬೇಕು’ ಅಂತ ಮ್ಯಾನೇಜರಿಗೆ ಪಾಠ ಹೇಳೋರು ನಾವು. ಅದೇ ಮಾತನ್ನು ಕೈಗೆ ಗ್ರೀಸ್ ಬಳಿದುಕೊಂಡವರು ಹೇಳಿದರೆ ಮೋಸ ಅನ್ನಿಸುತ್ತೆ.

ಸರ್ವಿಸ್ ಸೆಂಟರುಗಳು ಪಾರ್ಟಿನ ಮೇಲೆ ಪಾರ್ಟು ಬದಲಿಸೋದು ಯಾಕೆ ಅಂದರೆ, ನಾವು ಪಾರ್ಟಿಗೆ ಮಾತ್ರ ತಕರಾರಿಲ್ಲದೆ ದುಡ್ಡು ಕೊಡ್ತೀವಿ. ಹುಡುಕೋದಕ್ಕೆ, ತಲುಪೋದಕ್ಕೆ ಕೊಡಲ್ಲ. ಹಾಗಾಗಿ ಹುಡುಕುವ, ತಲುಪುವ ಕೆಲಸ ಆ ಎಸಿ ಕಟ್ಟಡಗಳಿಂದ ಮಾಯವಾಗ್ತಾ ಇದೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಹಾಗಂತ ದೊಡ್ಡ ಪಾಲನ್ನು ಬಿಟ್ಟುಬಿಡೋಕಾಗಲ್ಲ. ಈ ಸೆನ್ಸರನ್ನು ಅಲ್ಲಿಟ್ಟವರು ಯಾರು? ಇಂಜಿನಿಯರುಗಳ ಕಡೆಯ ವಾದ ನನಗೆ ಗೊತ್ತು. ಕ್ರ್ಯಾಂಕ್ ಎಲ್ಲಿದೆಯೋ ಸೆನ್ಸರ್ ಅಲ್ಲೇ ಇರಬೇಕು. ಬಾನೆಟ್ಟಿನ ಕೆಳಗೆ ಜಾಗ ಕಮ್ಮಿ. ಒಪ್ಪಿದೆ. ಆದರೆ ಹಲ್ಲಿನ ಚಕ್ರದ ಸುತ್ತ ಪೂರ್ತಿ 360 ಡಿಗ್ರಿ ಇದೆ. ಅದರಲ್ಲಿ ಯಾವ ಕಡೆ ಗೂಡು ಕೊರೆಯಬೇಕು ಅನ್ನೋದು ಒಬ್ಬರು ತಗೊಂಡ ತೀರ್ಮಾನ. ಫ್ಯಾಕ್ಟರಿಯಲ್ಲಿ ಎಂಜಿನ್ ಬರಿಮೈಯಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿರುತ್ತೆ. ಅಲ್ಲಿ ಸೆನ್ಸರ್ ಹಾಕೋಕೆ ಕೆಲವೇ ಸೆಕೆಂಡು ಸಾಕು. ಆಮೇಲೆ ಅದರ ಮೇಲೆ ಮ್ಯಾನಿಫೋಲ್ಡು, ವೈರು, ಡಬ್ಬಿ ಎಲ್ಲ ಪೇರಿಸ್ತಾರೆ. ಫ್ಯಾಕ್ಟರಿಯಲ್ಲಿ ಉಳಿದ ಆ ಸೆಕೆಂಡುಗಳು ಕಂಪನಿಯ ಲೆಕ್ಕಕ್ಕೆ ಜಮಾ. ಹತ್ತು ವರ್ಷ ಆದಮೇಲೆ ಕಳೆಯುವ ನಾಲ್ಕು ಗಂಟೆ ನನ್ನ ಲೆಕ್ಕಕ್ಕೆ ಖರ್ಚು. ಎರಡೂ ಒಂದೇ ಪುಸ್ತಕದಲ್ಲಿ ಇಲ್ಲವಲ್ಲ, ಅದಕ್ಕೇ ಯಾರಿಗೂ ಇದು ತಪ್ಪು ಅನ್ನಿಸಲ್ಲ. ಇದು ಒಂದು ಕಂಪನಿಯ, ಒಂದು ದೇಶದ ಚಾಳಿಯಲ್ಲ. ಅಮೆರಿಕದ ಕ್ಯಾಡಿಲಾಕ್ ಕಾರುಗಳ ನಾರ್ತ್‌ಸ್ಟಾರ್ ಎಂಜಿನ್ನಿನಲ್ಲಿ ಸ್ಟಾರ್ಟರ್ ಮೋಟರನ್ನೇ ಇಂಟೇಕ್ ಮ್ಯಾನಿಫೋಲ್ಡಿನ ಕೆಳಗಿಟ್ಟಿದ್ದರು. ಟೊಯೋಟಾದ ಕೆಲವು ಹಳೆಯ ವಿ6 ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಮುಟ್ಟಬೇಕಾದರೂ ಮ್ಯಾನಿಫೋಲ್ಡು ಬಿಚ್ಚಲೇಬೇಕು.

ತಲುಪೋದಕ್ಕೆ ಇನ್ನೂ ಎರಡು ಅಡ್ಡಗೋಡೆ ಇವೆ. ಒಂದು ಮಾಹಿತಿ, ಇನ್ನೊಂದು ಬಿಡಿಭಾಗ. ನಮ್ಮ ಮೇಸ್ತ್ರಿಯ ಹತ್ತಿರ ಈ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಇಲ್ಲ. ಅನುಭವ ಇದೆ, ಅಷ್ಟೇ. ಸೆನ್ಸರನ್ನು ಅವರು ತಂದಿದ್ದು ಜೆ.ಸಿ. ರೋಡಿನಿಂದ, ಅದನ್ನು ತಯಾರಿಸಿದ ಕಂಪನಿಯದೇ ಡಬ್ಬಿಯಲ್ಲಿ. ಕಾರು ಕಂಪನಿಯ ಲೋಗೋ ಇರುವ ಡಬ್ಬಿಯಲ್ಲಿ ಬಂದರೆ ಅದೇ ವಸ್ತುವಿನ ಬೆಲೆ ದುಪ್ಪಟ್ಟಿಗೂ ಮೇಲೆ.

ಇದು ನನ್ನೊಬ್ಬಳ ಗೊಣಗಾಟ ಅಂದ್ಕೋಬೇಡಿ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆರೋಪ ಏನು? ಬಿಡಿಭಾಗಗಳನ್ನು, ರಿಪೇರಿ ಮಾಹಿತಿಯನ್ನು, ರೋಗ ಪತ್ತೆ ಮಾಡುವ ಸಲಕರಣೆಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿದ್ದು, ಬಿಡಿಭಾಗ ತಯಾರಿಸುವವರು ನೇರವಾಗಿ ಮಾರುಕಟ್ಟೆಗೆ ಮಾರದಂತೆ ಕಟ್ಟಿಹಾಕಿದ್ದು. ಇವೆಲ್ಲ ಮುಕ್ತವಾಗಿ ಸಿಗಬೇಕು ಅಂತಲೂ ಆಯೋಗ ಆದೇಶ ಮಾಡಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿತು, ಡಿಸೆಂಬರ್ 24ರ ಗ್ರಾಹಕರ ದಿನದಂದು ಪೋರ್ಟಲ್ ತೆರೆಯಿತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಒಳ್ಳೆಯದೇ. ಆದರೆ ಪೋರ್ಟಲ್ಲಿಗೆ ಹಲ್ಲಿಲ್ಲ. ಹಲ್ಲಿರೋದು ಕಾಯ್ದೆಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಓಟು ಹಾಕಿಯೇ ಕಾರು ರಿಪೇರಿ ಹಕ್ಕಿನ ಕಾನೂನು ತಂದರು. ಕಾರಿನ ಮಾಹಿತಿ ವೈರ್‌ಲೆಸ್ ಆಗಿ ನೇರ ಕಂಪನಿಗೇ ಹೋಗೋಕೆ ಶುರುವಾದಾಗ 2020ರಲ್ಲಿ ಮತ್ತೆ ಓಟು ಹಾಕಿದರು. ಯುರೋಪ್‌ನಲ್ಲಿ 2007ರ ಯೂರೋ 5 ಹೊಗೆ ನಿಯಮದೊಳಗೇ ರಿಪೇರಿ ಮಾಹಿತಿ ಸಿಗಬೇಕು ಅನ್ನುವ ಷರತ್ತನ್ನೂ ಸೇರಿಸಿದ್ದರು.

ಈಗ ನಿಮ್ಮ ಆಕ್ಷೇಪಣೆಗಳು. ‘ಹಳೇ ಗಾಡಿ ಹೊಗೆ ಉಗುಳುತ್ತೆ.’ ಉಗುಳಿದರೆ ಎಮಿಷನ್ ಟೆಸ್ಟಲ್ಲಿ ಹಿಡೀರಿ, ರಸ್ತೆಗೆ ಬಿಡಬೇಡಿ. ನಮ್ಮದು ಪಾಸಾಗುತ್ತೆ. ಇನ್ನೊಂದು ಮಾತು: ಎಂಜಿನ್ ಹೊಗೆ ಉಗುಳದ ಹಾಗೆ ನೋಡಿಕೊಳ್ಳೋದೇ ಈ ಸೆನ್ಸರುಗಳು. ಅವನ್ನು ಬದಲಿಸೋದನ್ನು ಕಷ್ಟ ಮಾಡಿಟ್ಟರೆ, ಜನ ಕೆಟ್ಟ ಸೆನ್ಸರಿನಲ್ಲೇ ಗಾಡಿ ಓಡಿಸ್ತಾರೆ. ಹೊಗೆ ಆಗ ಜಾಸ್ತಿಯಾಗುತ್ತೆ. ಹೊಸ ಕಾರಿನ ಉಕ್ಕು, ಪ್ಲಾಸ್ಟಿಕ್ಕು, ಗಾಜು ಗಾಳಿಯಿಂದ ಬರಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ‘ಬೀದಿ ಗ್ಯಾರೇಜಲ್ಲಿ ನಕಲಿ ಪಾರ್ಟು ಹಾಕ್ತಾರೆ.’ ಹಾಕೋರು ಇದ್ದಾರೆ. ಅಸಲಿ ಪಾರ್ಟು ಸರಿಯಾದ ಬೆಲೆಗೆ ಎಲ್ಲ ಅಂಗಡಿಯಲ್ಲೂ ಸಿಗೋ ಹಾಗಾದರೆ ನಕಲಿಯವನ ವ್ಯಾಪಾರ ತಾನೇ ಬೀಳುತ್ತೆ. ‘ಸುರಕ್ಷತೆ ಮುಖ್ಯ ಅಲ್ವಾ?’ ಹೌದು, ಅದಕ್ಕೇ ಇಷ್ಟೆಲ್ಲ ಬರೆದಿದ್ದು. ಹೈವೇ ಮಧ್ಯೆ ನಿಲ್ಲುವ ಕಾರನ್ನು ಕಾರಣ ಹುಡುಕದೆ ಮೂರು ಸಲ ವಾಪಸ್ ಕೊಟ್ಟವರ ಬಾಯಲ್ಲಿ ಸುರಕ್ಷತೆಯ ಮಾತು ಚಂದ ಕಾಣಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಆಯುಷ್ಯ ಮುಗಿದು ಬದಲಿಸಬೇಕಾಗಿ ಬರುವ ಪ್ರತಿ ಸೆನ್ಸರನ್ನೂ ಬದಲಿಸೋಕೆ ಎಷ್ಟು ಗಂಟೆ ಬೇಕು ಅಂತ, ಮೈಲೇಜ್ ಬರೆಯೋ ಹಾಗೆ, ಕಾರು ಮಾರುವಾಗಲೇ ಬರೆದುಕೊಡಿ. ಆಗ ನೋಡಿ, ಮುಂದಿನ ಮಾಡೆಲ್ಲಿನಲ್ಲಿ ಗೂಡು ಹೇಗೆ ತಾನಾಗೇ ಮುಂದಕ್ಕೆ ಬರುತ್ತೆ ಅಂತ. ಸರ್ವಿಸ್ ಮ್ಯಾನ್ಯುಯಲ್ ಮತ್ತು ಕೋಡುಗಳ ಅರ್ಥ, ತೆರಿಗೆ ಕಟ್ಟಿ ಗ್ಯಾರೇಜ್ ನಡೆಸುವ ಯಾರಿಗಾದರೂ ನ್ಯಾಯವಾದ ಬೆಲೆಗೆ ಸಿಗಲಿ. ಐದು ವರ್ಷ ಓಡಿಸಿ ಅಂತ ಆರ್‌ಸಿ ರಿನ್ಯೂ ಮಾಡಿ 5,000 ಇಸ್ಕೊಳ್ಳುವ ಸರ್ಕಾರ, ಆ ಐದು ವರ್ಷ ಬಿಡಿಭಾಗ ಸಿಗೋ ಹಾಗೂ ನೋಡಿಕೊಳ್ಳಲಿ.

ಇನ್ನು ನೀವು. ‘ಹಳೇದಾಯ್ತು’ ಅಂತ ಯಾರಾದರೂ ಅಂದಾಗ ಅಪ್ಪ ಕೇಳಿದ್ದನ್ನೇ ಕೇಳಿ: ಏನು ಕೆಟ್ಟಿದೆ? ಹೇಗೆ ಗೊತ್ತಾಯ್ತು? ಅದನ್ನು ಮಾತ್ರ ಬದಲಿಸಿದರೆ ಎಷ್ಟು? ಈ ಮೂರಕ್ಕೆ ಉತ್ತರ ಬರದಿದ್ದರೆ ಕಾಫಿ ಕುಡಿದು ಕೀ ಇಸ್ಕೊಂಡು ಎದ್ದು ಬನ್ನಿ. ಉತ್ತರ ಕೊಟ್ಟವರು ಸಿಕ್ಕರೆ, ಅವರ ಕೂಲಿಗೆ ಚೌಕಾಸಿ ಮಾಡಬೇಡಿ. ಅಂಥವರು ಇರೋದರಿಂದಲೇ ನಮಗೆ ಮಾರೋದಾ ಇಟ್ಕೊಳ್ಳೋದಾ ಅಂತ ಯೋಚಿಸೋಕೆ ಅವಕಾಶ ಉಳಿದಿದೆ. ಆ ಗ್ಯಾರೇಜುಗಳು ಮುಚ್ಚಿದ ದಿನ ಉಳಿಯೋದು ಶೋರೂಮ್ ಒಂದೇ.

ಮುಂದಿನ ವಾರ ಮೇಸ್ತ್ರಿ ಹತ್ತಿರ ಮತ್ತೆ ಹೋಗಿದ್ದೆ. ಕಡಿಮೆ ಕೊಟ್ಟಿದ್ದ ಇನ್ನೂರು ರೂಪಾಯಿ ಕೊಟ್ಟೆ. ‘ಬಿಡಿ ಮೇಡಂ’ ಅಂದರು, ಆದರೆ ತಗೊಂಡು ಆ ಹುಡುಗನಿಗೆ ಕೊಟ್ಟರು. ಅವನ ಮುಂಗೈ ಮೇಲಿನ ಗಾಯ ಒಣಗಿತ್ತು. ಆವತ್ತೇ ತಿಪಟೂರಿಗೆ ಹೊರಟೆ. ಅಮ್ಮ ಮುಂದಿನ ಸೀಟಲ್ಲಿ, ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ. ದಾಬಸ್‌ಪೇಟೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದ್ವಿ. ನಾನು ಆರ್‌ಪಿಎಂ ಮುಳ್ಳನ್ನೇ ನೋಡ್ತಿದ್ದೆ. ಅದು ಎರಡೂವರೆ ಸಾವಿರದ ಹತ್ತಿರ ಅಲ್ಲಾಡದೆ ನಿಂತಿತ್ತು. ದಾಬಸ್‌ಪೇಟೆ ದಾಟಿತು. ಅಮ್ಮ ಸೀಟಿನ ಅಂಚು ಬಿಟ್ಟು, ಕೈಚೀಲದಿಂದ ಚಕ್ಕುಲಿ ತೆಗೆದರು.